ಬೀಪಕ್ಕನ ಪುಸ್ತಕದ ಎ

ಬೀಪಕ್ಕನ ಮುತ್ತಜ್ಜ ಗಾಡಿಯ ಅಚ್ಚಿಗೆ ಎಣ್ಣೆ ಹಾಕಿ ಬದುಕಿದವನು. ಬೀದಿಯ ತಿರುವಿನಾಚೆ ಗಾಡಿ ಕಿರ್ರೆಂದರೆ ಸಾಕು, ಅದು ಯಾರ ಗಾಡಿ, ಯಾವ ಗಾಲಿ ಸವೆದಿದೆ, ಮೇಲೆ ಎಷ್ಟು ಮೂಟೆ ಇದೆ ಎಂದು ಕೂತಲ್ಲೇ ಹೇಳುತ್ತಿದ್ದ. ತನ್ನ ಮದುವೆಯ ದಿನ ಹೆಣ್ಣಿನ ಗಾಡಿ ಬಂದು ನಿಂತರೆ ಮೊದಲು ಗಾಡಿಯ ಅಡಿಗೆ ನುಸುಳಿದನಂತೆ. "ಅಚ್ಚನ್ನ ಮೊದಲು ನೋಡಿದ, ನನ್ನ ಮುಖ ಆಮೇಲೆ" ಎಂದು ಮುತ್ತಜ್ಜಿ ಸಾಯುವ ತನಕ ಹಂಗಿಸಿದಳು.

ಅವನ ಮಗ, ಅಂದರೆ ಅಜ್ಜ, ಗೋಡೆ ಗಡಿಯಾರಗಳ ರಿಪೇರಿಗೆ ಕೂತ. ಮೂರಕ್ಕೇ ನಾಲ್ಕು ಹೊಡೆಯುತ್ತಿದ್ದ ಶಾಲೆಯ ಗಡಿಯಾರವನ್ನು ಸರಿಮಾಡಿ ಇಡೀ ಶಾಲೆಯ ಮಕ್ಕಳ ಶಾಪ ಕಟ್ಟಿಕೊಂಡ. ಅಪ್ಪ ಬಸ್ಸುಗಳ ಡೈನಮೋಗೆ ತಂತಿ ಸುತ್ತುತ್ತಿದ್ದ, ಹಾರನ್ ರಿಪೇರಿ ಮಾಡುತ್ತಿದ್ದ. ಹನ್ನೊಂದು ಬಸ್ಸಿಗೆ ಹನ್ನೊಂದು ಬಗೆಯ ಸದ್ದು ಕೂರಿಸಿ, ಯಾವ ಡ್ರೈವರು ಮನೆ ಕಡೆ ಬರುತ್ತಿದ್ದಾನೆ ಎಂಬುದು ಅವನ ಹೆಂಡತಿಗೆ ಒಲೆ ಮುಂದೆ ಕೂತೇ ತಿಳಿಯುವಂತೆ ಮಾಡಿದ. ಇದರಿಂದ ಒಂದು ಸಂಸಾರದಲ್ಲಿ ಪಾತ್ರೆಪಗಡೆ ಹಾರಾಡಿದವು ಎಂದೂ ಹೇಳುತ್ತಾರೆ. ಈ ಬೀದಿಯಲ್ಲಿ ಕೇಳಬೇಕಾದ ಹಾರನ್ ಆ ಬೀದಿಯಲ್ಲಿ ಕೇಳಿತ್ತು.

ಹೀಗೆ ಮೂರು ತಲೆಮಾರು ಕಿವಿಯಿಂದ ಅನ್ನ ಉಂಡ ಮನೆ ಅದು. ಬೀಪಕ್ಕ ನಾಲ್ಕನೆಯವಳು. ಈಗ ಅರವತ್ತೊಂದು. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಎಂದೇ ಕರೆಯುತ್ತಾರೆ. ಕಾರುಗಳ ಬೀಪ್ ಸದ್ದು ಕೂರಿಸುವುದು, ಏರಿಸುವುದು, ಅಡಗಿಸುವುದು ಅವಳ ಕಸುಬು. ಹೆಸರು ಅಲ್ಲಿಂದಲೇ ಅಂಟಿತು.

ಅಂಗಡಿ ಎಂದರೆ ತಗ್ಗು ಮಾಡಿನ ಒಂದೇ ಕೋಣೆ. ಬಲಗಡೆ ಗಂಡನ ಹೊಲಿಗೆ ಮಿಷನ್ನು, ಎಡಗಡೆ ಇವಳ ಮೇಜು. ಅವನ ಗುಂಡಿ ಇವಳ ಸ್ಕ್ರೂ ಡಬ್ಬಿಯಲ್ಲಿ, ಇವಳ ಫ್ಯೂಸು ಅವನ ಗುಂಡಿ ಡಬ್ಬಿಯಲ್ಲಿ. ಕಾರುಗಳು ಬಾಗಿಲ ಮುಂದೆ ರಸ್ತೆ ಬದಿಯಲ್ಲೇ ನಿಲ್ಲುತ್ತವೆ.

ಕಾರಿನೊಳಗೆ ಕಂಪ್ಯೂಟರ್ ಬಂದು ಸೇರಿದಾಗ ಸುತ್ತಮುತ್ತಲ ಎಲೆಕ್ಟ್ರಿಷಿಯನ್‌ಗಳು "ಇದು ನಮ್ಮ ಕೈಲಾಗದ ಕೆಲಸ" ಎಂದು ಕೈ ಒರೆಸಿಕೊಂಡರು. ಬೀಪಕ್ಕ ಏಳನೇ ತರಗತಿ ಓದಿದವಳು, ಇಂಗ್ಲಿಷಿನಲ್ಲಿ ಅಕ್ಷರ ಬಿಟ್ಟರೆ ಪದ ಬಾರದವಳು, ಒಂದು ಹಳೇ ಲ್ಯಾಪ್‌ಟಾಪು ಮತ್ತು ಒಂದು ಕೇಬಲ್ ತಂದು, ಗುಜರಿಗೆ ಹೋಗಲಿದ್ದ ಕಾರೊಂದನ್ನು ಮುಂದಿಟ್ಟುಕೊಂಡು ನಾಲ್ಕು ತಿಂಗಳು ಗುದ್ದಾಡಿದಳು. ಒಂದು ಸಲ ಅದರ ವೈಪರ್ ಎರಡು ದಿನ ನಿಲ್ಲಲೇ ಇಲ್ಲ. ಕೊನೆಗೆ ಗುಟ್ಟು ಕೈಗೆ ಬಂತು. ಕಾರು ಮಾಡುವವರು ಅದರ ಹೊಟ್ಟೆಯೊಳಗೆ ಎಷ್ಟೋ ಸ್ವಿಚ್ಚುಗಳನ್ನು ಬಚ್ಚಿಟ್ಟಿರುತ್ತಾರೆ. ಹೊರಗೆ ಅವಕ್ಕೆ ಗುಂಡಿ ಇರುವುದಿಲ್ಲ. ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಕೇಬಲ್ ಸಿಕ್ಕಿಸಿ, ಒಂದು ಸಂಖ್ಯೆ ಬದಲಾಯಿಸಿದರೆ ಬೀಗ ಹಾಕಿದ ಕೂಡಲೇ ಕನ್ನಡಿಗಳು ಕಿವಿ ಮಡಚುತ್ತವೆ. ಇನ್ನೊಂದು ಬದಲಾಯಿಸಿದರೆ ಇಳಿದು ಬಾಗಿಲು ತಲುಪುವ ತನಕ ದೀಪ ದಾರಿ ತೋರಿಸುತ್ತದೆ. ಕೆಲವೊಮ್ಮೆ ಒಂದೇ ಸಂಖ್ಯೆಯಲ್ಲಿ ನಾಲ್ಕಾರು ಸ್ವಿಚ್ಚುಗಳು ಒಟ್ಟು ಸಂಸಾರ ಮಾಡಿಕೊಂಡಿರುತ್ತವೆ.

ಆ ಸಂಖ್ಯೆಗಳೂ ವಿಚಿತ್ರ. ಒಂಬತ್ತಕ್ಕೆ ನಿಲ್ಲುವುದಿಲ್ಲ; ಒಂಬತ್ತಾದ ಮೇಲೆ ಇಂಗ್ಲಿಷಿನ ಮೊದಲ ಆರು ಅಕ್ಷರಗಳು ಅಂಕಿಗಳಾಗಿ ಬಂದು ಕೂರುತ್ತವೆ. ಬೀಪಕ್ಕ ಅವನ್ನು ಕಿವಿಗೆ ಕೇಳಿದಂತೆ ಕನ್ನಡದಲ್ಲೇ ಬರೆದುಕೊಂಡಳು: ಎ, ಬಿ, ಸಿ, ಡಿ, ಇ, ಎಫ್.

ಅವಳದು ಎರಡು ಕಟ್ಟಳೆ. ಹಳೇದನ್ನು ಬರೆದಿಟ್ಟುಕೊಳ್ಳದೆ ಹೊಸದನ್ನು ಮುಟ್ಟಬಾರದು. ಇದು ಗಂಡನಿಂದ ಕಲಿತದ್ದು. ಅಳತೆ ಬರೆಯದೆ ಬಟ್ಟೆಗೆ ಕತ್ತರಿ ಹಾಕುವವನು ದರ್ಜಿಯೇ ಅಲ್ಲ ಎನ್ನುತ್ತಾನೆ ಅವನು. ಅವನ ಉದ್ದನೆಯ ಅಳತೆ ಪುಸ್ತಕಗಳಲ್ಲೇ ಹಿಂದಿನಿಂದ ಇವಳು ಕಾರುಗಳ ಅಳತೆ ಬರೆಯುತ್ತಾಳೆ. ಎರಡನೆಯ ಕಟ್ಟಳೆ ಅಪ್ಪನದು: ಬಾಯಲ್ಲಿ ಹೇಳದೆ ಕೈಯಲ್ಲಿ ಒತ್ತಬಾರದು. ಪ್ರತಿ ಸಂಖ್ಯೆಯನ್ನೂ ಗಟ್ಟಿಯಾಗಿ ಕೂಗಿ, ತನ್ನ ಕಿವಿಗೆ ತಾನೇ ಒಪ್ಪಿಸಿ, ಆಮೇಲೆ ಒತ್ತುತ್ತಾಳೆ. ಹೊಸ ಗಿರಾಕಿಗಳು ಮಂತ್ರ ಹಾಕುತ್ತಿದ್ದಾಳೆ ಎಂದುಕೊಳ್ಳುವುದುಂಟು.

ಒಂದು ಮಧ್ಯಾಹ್ನ ಕೊಳಲು ಮೇಷ್ಟ್ರು ಕಾರು ತಂದು ನಿಲ್ಲಿಸಿದರು. ಎಪ್ಪತ್ತೆರಡರ ಪ್ರಾಯ, ನೆಟ್ಟಗಿನ ಬೆನ್ನು, ಮಾತು ಮಾತ್ರ ಸ್ವಲ್ಪ ಜೋರು. ಕಾರಿನ ಎಡ ಇಂಡಿಕೇಟರ್ ಇನ್ನೂ ಮಿಣಮಿಣ ಎನ್ನುತ್ತಲೇ ಇತ್ತು.

"ಬೀಪಕ್ಕಾ, ಕಾರಿಗೆ ಗಂಟಲು ಕಟ್ಟಿದೆ!"

"ಏನಾಯ್ತು ಮೇಷ್ಟ್ರೇ?"

"ಇಂಡಿಕೇಟರ್ ಹಾಕಿದ್ರೆ ಟಿಕ್ ಟಿಕ್ ಅನ್ನಲ್ಲ. ಸಣ್ಣ ತಿರುವಾದ್ರೆ ಅದು ತಾನಾಗಿ ಆರಲ್ಲ, ಉರೀತಾನೇ ಇರುತ್ತೆ, ನನಗೆ ಗೊತ್ತೇ ಆಗಲ್ಲ. ಮೊನ್ನೆ ಊರುದ್ದಕ್ಕೂ ಎಡಗಡೆ ತಿರುಗ್ತೀನಿ ತಿರುಗ್ತೀನಿ ಅಂತ ಹೇಳ್ಕೊಂಡು ನೆಟ್ಟಗೆ ಹೋಗಿದೀನಿ. ಮಗಳು ನೋಡಿಬಿಟ್ಟಿದ್ದಾಳೆ."

ಬೀಪಕ್ಕನಿಗೆ ನಗು ಬಂತು, ನುಂಗಿಕೊಂಡಳು. ನಾಲ್ಕು ವರ್ಷದ ಹಿಂದೆ ಇದೇ ಮೇಷ್ಟ್ರು ಇದೇ ಕಾರು ತಂದು, "ಇದರ ಟಿಕ್ ಟಿಕ್ ನನ್ನ ತಾಳಕ್ಕೆ ಕೂಡಲ್ಲ, ಬಾಯಿ ಮುಚ್ಚಿಸಿ" ಎಂದಿದ್ದರು. ಅವಳೇ ಸದ್ದು ತಗ್ಗಿಸಿ ಕಳಿಸಿದ್ದಳು. ಆಗ ಸಣ್ಣದಾಗಿ ಕೇಳುತ್ತಿದ್ದುದು ಈಗ ಕೇಳದಂತಾಗಿದೆ ಎಂದರೆ ಗಂಟಲು ಕಟ್ಟಿದ್ದು ಯಾರದು, ಕಿವಿ ಕಟ್ಟಿದ್ದು ಯಾರದು ಎಂಬುದು ಅಂಗೈ ಹುಣ್ಣು. ಅದಕ್ಕೆ ಕನ್ನಡಿ ಹಿಡಿಯುವುದೇಕೆ ಎಂದು ಸುಮ್ಮನಾದಳು.

ಮೇಷ್ಟ್ರು ದನಿ ತಗ್ಗಿಸಿದರು. "ನಾಲ್ಕು ಗಂಟೆಗೆ ಮಗಳು ಇಲ್ಲಿಗೇ ಬರ್ತಾಳೆ. ನನ್ನ ಪಕ್ಕ ಕೂತು ಒಂದು ಸುತ್ತು ಬರ್ತಾಳಂತೆ. ಒಂದೇ ಒಂದು ಸಲ ಇಂಡಿಕೇಟರ್ ಆರಿಸೋದು ಮರೆತ್ರೆ ಕೀ ಅವಳ ಚೀಲಕ್ಕೆ. ನನ್ನ ಶಿಷ್ಯರು ಮೂಲೆಮೂಲೆಯಲ್ಲಿದ್ದಾರೆ ಬೀಪಕ್ಕ. ಕೀ ಹೋದ್ರೆ ಪಾಠವೂ ಹೋಯ್ತು."

ಆಗ ಮೂರು ಗಂಟೆ. ಕೆಲಸ ಹತ್ತು ನಿಮಿಷದ್ದು. ಆದರೆ ಅವತ್ತೇ ಬೆಳಿಗ್ಗೆ ಬೀಪಕ್ಕ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಕಣ್ಣಿಗೆ ಹನಿ ಹಾಕಿಸಿಕೊಂಡು ಬಂದಿದ್ದಳು. ಸಂಜೆಯ ತನಕ ಹತ್ತಿರದ್ದೆಲ್ಲ ಮಬ್ಬು ಎಂದಿದ್ದರು. ಲ್ಯಾಪ್‌ಟಾಪಿನ ಅಕ್ಷರಗಳು ಸಕ್ಕರೆಗೆ ಮುತ್ತಿದ ಇರುವೆಯ ಸಾಲಿನಂತೆ ಕಂಡವು.

ಅವಳನ್ನು ಡಾಕ್ಟರ ಮನೆಯಿಂದ ಕರೆತಂದಿದ್ದ ಅಳಿಯ ಅಲ್ಲೇ ಕೂತಿದ್ದ. ಮುದ್ರಣಾಲಯದಲ್ಲಿ ದಿನವಿಡೀ ಕನ್ನಡ ಟೈಪ್ ಮಾಡುವವನು. ಬೆರಳುಗಳು ಕುದುರೆಯಂತೆ ಓಡುತ್ತವೆ.

"ನಾನಿದೀನಲ್ಲ ಅತ್ತೆ! ಪುಸ್ತಕ ಕೊಡಿ. ಒಂದು ಇಡೀ ಲಗ್ನಪತ್ರಿಕೆ ನಾಲ್ಕು ನಿಮಿಷಕ್ಕೆ ಹೊಡೀತೀನಿ, ಇದೆರಡು ಅಂಕಿ ಎಷ್ಟರದು?"

"ಕೂಗಿ ಹೇಳಿ ಒತ್ತಬೇಕು ಅಳಿಯಂದ್ರೇ."

"ಅಯ್ಯೋ, ಸಂತೆಯಲ್ಲಿ ಸೊಪ್ಪು ಮಾರ್ತಿದೀವಾ ಅತ್ತೆ?" ಎಂದು ನಕ್ಕು ಪುಸ್ತಕ ತೆಗೆದುಕೊಂಡು ಕಾರಿನೊಳಗೆ ಹೋಗಿ ಕೂತ. ನಾಲ್ಕು ವರ್ಷದ ಹಿಂದೆ ಬರೆದಿಟ್ಟ ಹಳೇ ಸಂಖ್ಯೆ ಯಾವ ಪುಟ, ಯಾವ ಸಾಲಿನಲ್ಲಿದೆ ಎಂದು ಅವಳು ಹೇಳಿದಳು. ಅವನು ಟಕಟಕ ಒತ್ತಿದ. ಮುಗಿಯಿತು.

ಇಂಡಿಕೇಟರ್ ಟಿಕ್ ಟಿಕ್ ಎಂದಿತು. ಗಟ್ಟಿಯಾಗಿ, ಮರದ ಮೇಲೆ ಮರಕುಟಿಗ ಕುಟ್ಟಿದಂತೆ. ಮೇಷ್ಟ್ರ ಮುಖ ಅರಳಿತು. "ಕೇಳ್ತಾ ಇದೆ! ತಾಳವೂ ಪರವಾಗಿಲ್ಲ!" ಎಂದು ಸ್ಟೇರಿಂಗ್ ಹಿಡಿದು, ಪರೀಕ್ಷೆಗೆ ಮೊದಲು ಒಂದು ಸುತ್ತು ಬರುತ್ತೇನೆ ಎಂದು ಹೊರಟರು.

ಕಾರು ಹತ್ತು ಮಾರು ಹೋಗಿರಬಹುದು. ಹೊರಟ ಮೇಲೆ ಬಾಗಿಲು ತಾನೇ ಬೀಗ ಹಾಕಿಕೊಳ್ಳುವ ಕಾರು ಅದು. ಟಕ್ ಎಂದು ಬೀಗ ಬಿತ್ತು, ಜೊತೆಗೇ ಹಾರನ್ ಪೋಂ ಎಂದು ಅರಚಿತು. ಎದುರಿನ ಕ್ಷೌರದಂಗಡಿಯಲ್ಲಿ ಅರ್ಧ ಮೀಸೆಯ ಗಿರಾಕಿ ಕುರ್ಚಿಯಿಂದ ಎಗರಿದ. ಗಂಡ ಹೊಲಿಗೆ ಬಿಟ್ಟು ಕಿಟಕಿಯಿಂದ ತಲೆ ಹಾಕಿದ. ಮೇಷ್ಟ್ರು ನಿಲ್ಲಿಸಿ ಇಳಿದು, ಹೊರಗಿನಿಂದ ಬೀಗ ಹಾಕಿದರೆ ಮತ್ತೆ ಪೋಂ!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಮೇಷ್ಟ್ರು ಒಳಗೆ ಬಂದು ಕೀಯನ್ನು ಮೇಜಿನ ಮೇಲೆ, ಕತ್ತರಿಸಿದ ಬಟ್ಟೆಯ ಪಕ್ಕದಲ್ಲಿ ಇಟ್ಟರು.

"ಮಗಳು ಬಂದ್ರೆ ನೀವೇ ಕೊಟ್ಬಿಡಿ. ಕಿವಿ ಹೋಯ್ತು ಅಂದ್ಕೊಂಡಿದ್ದೆ ಬೀಪಕ್ಕ. ಈಗ ಕೈಯೂ ಹೋಯ್ತು. ಯಾವಾಗ ಹಾರನ್ ಒತ್ತಿದ್ನೋ ನನಗೇ ತಿಳೀಲಿಲ್ಲ." ತಮ್ಮ ಬೆರಳುಗಳನ್ನು ತಾವೇ ನೋಡಿಕೊಂಡರು. ಐವತ್ತು ವರ್ಷ ಕೊಳಲಿನ ರಂಧ್ರ ಮುಚ್ಚಿ ತೆಗೆದ ಬೆರಳುಗಳು.

"ಕೂತ್ಕೊಳ್ಳಿ ಮೇಷ್ಟ್ರೇ," ಎಂದಳು ಬೀಪಕ್ಕ. "ಅದು ನಿಮ್ಮ ಕೈಯಲ್ಲ. ಕೈ ಒತ್ತಿದ ಹಾರನ್‌ಗೆ ಬಾಲ ಇರುತ್ತೆ, ಪೋಂಂಂ ಅಂತ ಎಳೆಯುತ್ತೆ. ಇದು ಕತ್ತರಿ ಹಾಕಿದ ಹಾಗೆ ನಿಂತಿದೆ. ಎರಡು ಸಲವೂ ಅಷ್ಟೇ ಉದ್ದ, ಎರಡು ಸಲವೂ ಬೀಗದ ಟಕ್ ಜೊತೆಗೇ. ಇದನ್ನ ಒತ್ತಿದ್ದು ಕಾರು. ಒತ್ತು ಅಂತ ಹೇಳಿದ್ದು ನಮ್ಮ ಅಂಗಡಿ."

ಅಳಿಯನ ಮುಖ ಕೆಂಪಾಯಿತು. "ಅತ್ತೆ, ಪುಸ್ತಕದಲ್ಲಿದ್ದದ್ದನ್ನೇ ಹೊಡೆದಿದೀನಿ. ಅಕ್ಷರ ತಪ್ಪಿಲ್ಲ."

"ಇರಬಹುದು. ರೀ, ನೀವು ಪುಸ್ತಕ ಹಿಡ್ಕೊಂಡು ಬನ್ನಿ. ಅಳಿಯಂದ್ರೇ, ನೀವು ಲ್ಯಾಪ್‌ಟಾಪ್ ಮುಂದೆ ಕೂತ್ಕೊಳ್ಳಿ. ನನಗೆ ಕಣ್ಣಿಲ್ಲ ಇವತ್ತು. ಇಬ್ಬರೂ ಗಟ್ಟಿಯಾಗಿ ಓದಿ."

ದರ್ಜಿ ಕತ್ತಿನಿಂದ ಟೇಪು ತೆಗೆಯದೆಯೇ ಬಂದು, ಕನ್ನಡಕ ಏರಿಸಿ, ಅಳತೆ ಕೂಗುವ ರಾಗದಲ್ಲೇ ಓದಿದ. "ಮೂರು... ಎ!"

ಅಳಿಯ ಪರದೆಯಲ್ಲಿ ತಾನು ಒತ್ತಿದ್ದನ್ನು ನೋಡಿ ಓದಿದ. "ಮೂರು, ಇ."

"ಇನ್ನೊಂದ್ಸಲ."

"ಮೂರು ಎ!"

"ಮೂರು ಇ. ಅದೇ ಅಲ್ವಾ ಅತ್ತೆ?"

ಬೀಪಕ್ಕ ಹಣೆ ಚಚ್ಚಿಕೊಂಡಳು. ಆಮೇಲೆ ನಗತೊಡಗಿದಳು. "ಅಳಿಯಂದ್ರೇ, ಪ್ರೆಸ್ಸಲ್ಲಿ 'ಎಲ್ಲರಿಗೂ ಸ್ವಾಗತ' ಅಂತ ಹೊಡೀಬೇಕಾದ್ರೆ ಎ ಅನ್ನೋದಕ್ಕೆ ಇಂಗ್ಲಿಷ್ ಕೀ ಯಾವುದು ಒತ್ತುತೀರಿ?"

"ಇ ಒತ್ತುತೀನಿ. ಇ ಒತ್ತಿದ್ರೆ ಎ ಬೀಳುತ್ತೆ, ಅಷ್ಟೂ ಗೊತ್ತಿಲ್ವಾ..." ಎಂದವನು ಅಲ್ಲೇ ನಿಂತ. ಕಣ್ಣು ಕೀಬೋರ್ಡಿನ ಮೇಲೆ ಹೋಯಿತು.

"ನನ್ನ ಎ ಇಂಗ್ಲಿಷಿನ ಮೊದಲನೇ ಅಕ್ಷರ ಮಾರಾಯ್ರೇ! ನಿಮ್ಮ ಎ ಐದನೇದು!"

ದರ್ಜಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೆ ಮೇಜು ಹಿಡಿದುಕೊಂಡು ನಕ್ಕ. "ಅತ್ತೆ ಎ ಅಂದ್ರೆ ಅಳಿಯ ಇ ಅಂದ. ಒಂದೇ ಅಕ್ಷರ, ಎರಡು ಸಂಸಾರ!"

ಮೂರು ಎ ಎಂದರೆ ಟಿಕ್ ಟಿಕ್ ಜೋರು, ಅಷ್ಟೇ. ಮೂರು ಇ ಎಂದರೆ ಅದೂ ಹೌದು, ಅದರ ಜೊತೆ ಅದೇ ಸಂಖ್ಯೆಯಲ್ಲಿ ಮಲಗಿದ್ದ ಇನ್ನೊಂದು ಸ್ವಿಚ್ಚೂ ಎದ್ದು ಕೂತಿತ್ತು: ಬೀಗ ಬಿದ್ದಾಗಲೆಲ್ಲ ಹಾರನ್. ಕಾರನ್ನು ಮತ್ತೆ ಬಾಗಿಲ ಮುಂದೆ ತಂದು ಕೇಬಲ್ ಸಿಕ್ಕಿಸಿದರು. ಈ ಸಲ ದರ್ಜಿ ಕೂಗಿದ, ಅಳಿಯ ಒತ್ತಿದ, ಬೀಪಕ್ಕ ಕಿವಿಗೊಟ್ಟಳು. ಬಾಗಿಲಿಗೆ ಬೀಗ ಹಾಕಿದರು. ಟಕ್. ಅದರಾಚೆ ಮೌನ. ಕ್ಷೌರಿಕ ಎದುರಿನಿಂದ ಕತ್ತರಿ ಎತ್ತಿ, "ಇನ್ನು ಈ ಕಡೆ ಮೀಸೆ ಕತ್ತರಿಸಬಹುದಾ ಬೀಪಕ್ಕ?" ಎಂದು ಕೂಗಿದ.

ನಾಲ್ಕು ಗಂಟೆಗೆ ಮಗಳು ಬಂದಳು. ಗಂಭೀರ ಮುಖ, ದೊಡ್ಡ ಚೀಲ. ಅಪ್ಪ ಮಗಳು ಕಾರು ಹತ್ತಿ ಹೋದರು. ಅಂಗಡಿಯಲ್ಲಿ ಹೊಲಿಗೆ ಮಿಷನ್ನು ನಿಂತಿತ್ತು. ಕಾಲು ಗಂಟೆಯ ಮೇಲೆ ಬೀದಿಯ ತಿರುವಿನಲ್ಲಿ ಕಾರು ಕಾಣಿಸಿತು. ಬಲಕ್ಕೆ ತಿರುಗಿತು, ಮಿಣುಕುತ್ತಿದ್ದ ದೀಪ ಆರಿತು. ಮುಂದೆ ನಿಂತಿದ್ದ ಸೈಕಲ್ಲನ್ನು ದಾಟುವಾಗ ಮತ್ತೆ ಹತ್ತಿತು, ಮತ್ತೆ ಆರಿತು.

"ಒಂದು ಸಲವೂ ಮರೀಲಿಲ್ಲ," ಎಂದಳು ಮಗಳು ಇಳಿದು, ಸೋತವಳ ನಗು ನಗುತ್ತ. "ಟಿಕ್ ಟಿಕ್‌ಗೆ ತಲೆ ಬೇರೆ ತೂಗ್ತಾರೆ."

ಕೀ ಮೇಷ್ಟ್ರ ಜೇಬಿನಲ್ಲೇ ಉಳಿಯಿತು. ಬೀಪಕ್ಕ ಅವರ ಕಿಟಕಿಗೆ ಬಗ್ಗಿ, ಮಗಳಿಗೆ ಕೇಳದ ಹಾಗೆ ಹೇಳಿದಳು: "ಕಾರಿನ ಗಂಟಲು ನಾನು ನೋಡಿದೀನಿ. ಕೇಳೋ ಕಡೆಯದನ್ನ ಕಿವಿ ಡಾಕ್ಟ್ರು ನೋಡಲಿ. ಈ ವಾರವೇ." ಮೇಷ್ಟ್ರು ಕಿವಿಗೆ ಕೈ ಹಿಡಿದು "ಏನಂದ್ರಿ?" ಎಂದರು. ಆಮೇಲೆ ಕಣ್ಣು ಮಿಟುಕಿಸಿ, ಆಗಲಿ ಎಂದು ತಲೆಯಾಡಿಸಿ ಹೊರಟರು.

ಅಳಿಯ ಮಾತ್ರ ಅಳತೆ ಪುಸ್ತಕಗಳ ರಾಶಿಯ ಮುಂದೆ ನಿಂತೇ ಇದ್ದ. ತಪ್ಪು ತೊಳೆದುಕೊಳ್ಳುವ ಆಸೆ. "ಅತ್ತೆ, ಭಾನುವಾರ ಭಾನುವಾರ ಬಂದು ಇದನ್ನೆಲ್ಲ ನಾನೇ ನೀಟಾಗಿ ಟೈಪ್ ಮಾಡಿ ಕಂಪ್ಯೂಟರಿಗೆ ಹಾಕಿಕೊಡ್ತೀನಿ. ನಿಮಗೆ ಕಣ್ಣಿನ ಶ್ರಮವೂ ತಪ್ಪುತ್ತೆ."

ಬೀಪಕ್ಕ ಪುಸ್ತಕವನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡಳು.

"ಬೇಡಿ ಅಳಿಯಂದ್ರೇ. ಭಾನುವಾರ ಬನ್ನಿ, ಊಟ ಮಾಡಿ, ಮಲಗಿ. ನನ್ನ ಕಣ್ಣು ಸಂಜೆಗೆ ಸರಿಹೋಗುತ್ತೆ, ನಿಮ್ಮ ಬೆರಳು ಈ ಜನ್ಮಕ್ಕೆ ಸರಿಹೋಗಲ್ಲ. ನನ್ನ ಎ ನಾನೇ ಓದ್ಕೋತೀನಿ."