ಸೊಸೆಯ ಕಣ್ಣು ಪೆಟ್ಟಿಗೆಗೆ ಹೋದದ್ದು

ಆಗ ನನಗೆ ಅರವತ್ತೇಳು. ಎರಡು ವರ್ಷವಾಯಿತು. ಮಧುಗಿರಿಗೆ ಹೋಗಿದ್ದ ಸೊಸೆ ಬಡವನಹಳ್ಳಿಯಲ್ಲಿ ಮಧ್ಯಾಹ್ನದ ಬಸ್ಸು ಇಳಿದಾಗ ಕೈಯಲ್ಲಿ ಟವೆಲ್ಲು ಸುತ್ತಿದ ಒಂದು ಪೆಟ್ಟಿಗೆ ಇತ್ತು. ಮುಖ ಬಾಡಿತ್ತು.

"ಏನಮ್ಮಿ ಅದು, ಮಗೀನಂಗೆ ಎತ್ಕೊಂಡು ಬಂದಿದ್ದೀಯ?"

"ತಲೆಗೆ ಹಾಕ್ಕೊಳೋದು ಅತ್ತೆ. ನಾಳೆ ಪರೀಕ್ಸೆ. ಕನ್ನಡಕ ಹಾಕ್ಕೊಂಡು ಇದನ್ನ ಹಾಕ್ಕೊಳಂಗಿಲ್ಲ ಅಂದ್ಬುಟ್ರು."

ಮಧುಗಿರಿಯಲ್ಲಿ ಹೆಂಗಸರಿಗೆ ಕ್ರೇನು ನಡೆಸುವುದನ್ನು ಕಲಿಸುವ ಕಡೆ ಅವಳು ಹೆಸರು ಕೊಟ್ಟಿದ್ದಳು. ಮೊದಲೇ ನಿಜವಾದ ಕ್ರೇನು ಹತ್ತಿಸುವುದಿಲ್ಲ. ಈ ಪೆಟ್ಟಿಗೆಯನ್ನು ಕಣ್ಣಿಗೆ ಕಟ್ಟುತ್ತಾರೆ. ಅದಕ್ಕೆ ವಿ.ಆರ್. ಹೆಡ್‌ಸೆಟ್ ಅಂತ ಹೆಸರು. ಅದರೊಳಗೆ ಕಾರ್ಖಾನೆಯ ಅಂಗಳ, ಕ್ರೇನು, ಕೊಕ್ಕೆ ಎಲ್ಲ ಎದುರಿಗೇ ಇದ್ದಂತೆ ಕಾಣುತ್ತದಂತೆ. ಎರಡು ಕೈಯಲ್ಲೂ ಹಿಡಿ ಹಿಡಿದು ಇಲ್ಲದ ಹೊರೆಯನ್ನು ಎತ್ತಿ ಸರಿಯಾದ ಜಾಗದಲ್ಲಿ ಇಳಿಸಬೇಕು. ಇಳಿಸಿದವರನ್ನು ತೆಗೆದುಕೊಳ್ಳುತ್ತಾರೆ.

ಸೊಸೆಯ ಕನ್ನಡಕ ದಪ್ಪ. ಅದರ ಮೇಲೆ ಪೆಟ್ಟಿಗೆ ಕಟ್ಟಿದರೆ ಪೆಟ್ಟಿಗೆಯೊಳಗಿನ ಗಾಜಿಗೆ ಉಜ್ಜಿ ಗೀರು ಬೀಳುತ್ತದೆ. ತೆಗೆದರೆ ಅವಳಿಗೆ ಕ್ರೇನೂ ಒಂದೇ, ಎಮ್ಮೆಯೂ ಒಂದೇ. ಕಲಿಸುವ ಮೇಡಮ್ಮು ಒಳ್ಳೆಯವರು. ಪೆಟ್ಟಿಗೆಯ ಜೊತೆ ಬಂದಿದ್ದ ಎರಡು ಪ್ಲಾಸ್ಟಿಕ್ ಬಳೆ ಹುಡುಕಿ, ಅಳತೆಗೆ ಪೆಟ್ಟಿಗೆಯನ್ನೂ ಕೊಟ್ಟು ಕಳಿಸಿದ್ದರು. ಆ ಬಳೆಗೆ ಅವಳ ಪವರಿನ ಗಾಜು ಗುಂಡಗೆ ಕಡಿಸಿ ಕೂರಿಸಿ ಒಳಗೆ ಒತ್ತಿದರೆ ಕನ್ನಡಕ ಬೇಡ. "ನಾಳೆ ಬೆಳಿಗ್ಗೆಯೊಳಗೆ ಮಾಡಿಸಿಕೊಂಡು ಬಾ. ಆಮೇಲೆ ಪೆಟ್ಟಿಗೆ ವಾಪಸ್ ಹೋಗುತ್ತೆ. ಗೀರು ಬಿದ್ದರೆ ನನ್ನ ಕೆಲಸಕ್ಕೇ ಕುತ್ತು ಬರುತ್ತೆ" ಅಂದಿದ್ದರಂತೆ.

ಅವಳ ಕಣ್ಣಿನ ವಿಚಾರ ಹೇಳಿಬಿಡುತ್ತೇನೆ. ನಾವು ಹೆಣ್ಣು ನೋಡಲು ಹೋದಾಗ ಅವರಮ್ಮ ಕನ್ನಡಕ ಬಚ್ಚಿಟ್ಟು, ಕಾಫಿ ತಟ್ಟೆ ಕೊಟ್ಟು ಕಳಿಸಿದ್ದರು. ಅವಳು ನನ್ನನ್ನು ಬಿಟ್ಟು ಪಕ್ಕದ ಕಂಬಕ್ಕೆ ಕಾಫಿ ಹಿಡಿದಳು. "ಕಂಬಕ್ಕೆ ಸಕ್ರೆ ಕಮ್ಮಿ ಕಣಮ್ಮ" ಅಂದೆ. ಎಲ್ಲರಿಗಿಂತ ಮೊದಲು ಅವಳೇ ನಕ್ಕಳು. ಹಾಗಾಗಿ ಒಪ್ಪಿಕೊಂಡೆವು. ಎರಡು ಕಣ್ಣಿನಲ್ಲಿ ಬಲಗಣ್ಣು ತೀರಾ ಮಂದ. ಅದರ ಗಾಜು ಸೋಡಾ ಬಾಟಲಿಯ ತಳದಂತಿರುತ್ತದೆ, ಎಡಗಣ್ಣಿನದು ಅದರ ಅರ್ಧ. ಅವಳು ಮುದ್ದೆ ತೊಳಸುವಾಗ ಗಾಜಿಗೆ ಹಬೆ ಹಿಡಿದರೆ ನಾನೇ ಮುಖದಿಂದ ಕಿತ್ತು ಸೆರಗಿನಲ್ಲಿ ಒರೆಸಿ ಮತ್ತೆ ಏರಿಸುತ್ತೇನೆ. ಕತ್ತಲಲ್ಲೂ ಬೆರಳಿಗೆ ಗೊತ್ತಾಗುತ್ತದೆ ಯಾವುದು ಯಾವುದೆಂದು. ಈ ಕನ್ನಡಕ ನೋಡಿಯೇ ಹೊಲಿಗೆ ಕಾರ್ಖಾನೆಯವರು ಅವಳನ್ನು ಎರಡು ಸಲ ಬಾಗಿಲಿನಿಂದಲೇ ಕಳಿಸಿದ್ದರು. ಮೂರನೇ ಸಲವೂ ಹಾಗೇ ಆದರೆ ಇನ್ನು ಎಲ್ಲಿಗೂ ಹೋಗುವುದಿಲ್ಲ ಅಂತ ಅವಳು ಹೇಳಿರಲಿಲ್ಲ. ಮುಖ ನೋಡಿ ನನಗೇ ಗೊತ್ತಾಯಿತು.

ಮಗ ಲಾರಿ ತೆಗೆದುಕೊಂಡು ಹಿಂದೂಪುರದ ಕಡೆ ಹೋಗಿದ್ದ. ಮಧುಗಿರಿಯ ಕನ್ನಡಕದ ಅಂಗಡಿಯವರು ಗಾಜನ್ನು ತುಮಕೂರಿಗೆ ಕಳಿಸಿ ಕಡಿಸಬೇಕು, ನಾಲ್ಕು ದಿನ ಅಂದಿದ್ದರು. ಅಂಗಡಿಯಲ್ಲೇ ಗಾಜು ಕಡಿಯುವ ಸಾಣೆಕಲ್ಲು ಇದ್ದದ್ದು ಶಿರಾದ ಕನ್ನಡಕದ ಸಾಬರ ಹತ್ತಿರ. ಅವಳ ಕನ್ನಡಕ ಮಾಡಿದವರೂ ಅವರೇ. ಬಂದ ಬಸ್ಸಿಗೆ ಅವಳನ್ನು ಹತ್ತಿಸಿಕೊಂಡು ಹೊರಟೆ.

ಸಾಬರು ಪೆಟ್ಟಿಗೆಯನ್ನು ತಿರುಗಿಸಿ ನೋಡಿದರು, ಬಳೆಗಳನ್ನು ನೋಡಿದರು.

"ಈ ಪವರು ಸ್ಟಾಕ್ ಇಲ್ಲ ಅಮ್ಮಾ. ಬೆಂಗ್ಳೂರಿಂದ ಬರೋಕೆ ಮೂರು ದಿನ."

"ಅಂಗಾರೆ?"

ಅವರು ಸೊಸೆಯ ಮುಖ ನೋಡಿದರು. "ಹಾಕ್ಕೊಂಡಿರೋದನ್ನೇ ಕಡೀಬೇಕು ಬೇಟಿ. ಕಡಿದ್ಮೇಲೆ ಮತ್ತೆ ಆ ಫ್ರೇಮಿಗೆ ಕೂರಲ್ಲ. ಚಕ್ಕೆ ಎದ್ದರೆ ಇದೂ ಇಲ್ಲ, ಅದೂ ಇಲ್ಲ. ಹಳೇದು ಇದೆಯಾ?"

"ಅದ್ರ ಮ್ಯಾಲೆ ಇವರ ಮಗ ಕೂತ್ಬುಟ್ರು" ಅಂದಳು.

"ಲೇ, ಯೋಚ್ನೆ ಮಾಡು" ಅಂದೆ. "ನಾಳೆ ಆಗ್ದಿದ್ರೆ ಹೊಸಾದು ಬರೋಗಂಟ ಗೋಡೆ ಹಿಡ್ಕೊಂಡು ತಿರುಗ್ಬೇಕು."

"ಗೋಡೆ ಐತಲ್ಲ ಅತ್ತೆ, ನೀವೂ ಇದ್ದೀರ. ಕಡೀಲಿ." ಕನ್ನಡಕ ಬಿಚ್ಚಿ ತಾನೇ ಮೇಜಿನ ಮೇಲೆ ಇಟ್ಟಳು. ಇಟ್ಟ ಜಾಗ ಮೇಜಿನ ಅಂಚು. ಸಾಬರು ಅಂಗೈ ಒಡ್ಡಿದ್ದಕ್ಕೆ ಉಳಿಯಿತು.

ಅವರು ಒಂದೊಂದು ಗಾಜಿನ ನಡುವೆಯೂ ಪೆನ್ನಿನಲ್ಲಿ ಚುಕ್ಕೆ ಇಟ್ಟರು. ಕಲ್ಲು ತಿರುಗಿತು. ನೀರು ಹಾಲಿನಂತೆ ಬೆಳ್ಳಗೆ ಸುರಿಯತೊಡಗಿತು. ಆ ಕರಕರ ಸದ್ದಿಗೆ ನನ್ನ ಹಲ್ಲೆಲ್ಲ ಜುಮ್ಮೆಂದವು. ಸ್ವಲ್ಪ ಕಡಿಯುವುದು, ಬಳೆಗೆ ಹಿಡಿದು ನೋಡುವುದು, ಮತ್ತೆ ಕಡಿಯುವುದು. ಸೊಸೆ ಸದ್ದು ಬಂದ ಕಡೆಗೇ ಮುಖ ಮಾಡಿ ಕೂತಿದ್ದಳು, ಕಾಣುತ್ತಿರಲಿಲ್ಲ.

"ಉಸಿರು ಬಿಡಿ ಅಮ್ಮಾ" ಅಂದರು ಸಾಬರು. "ನೀವು ಬಿಗಿಹಿಡಿದ್ರೆ ನನ್ನ ಕೈ ನಡುಗ್ತದೆ."

ಎರಡೂ ಗಾಜು ಚಕ್ಕೆ ಏಳದೆ ಬಳೆಗೆ ಕೂತವು. ಬಳೆಗಳನ್ನು ಪೆಟ್ಟಿಗೆಯೊಳಗೆ ಒತ್ತಿ, ಅವಳ ಗಾಜಿಗೂ ಪೆಟ್ಟಿಗೆಯ ಗಾಜಿಗೂ ನಡುವೆ ಒಂದು ಕಾಗದದ ಚೂರು ತೂರಿಸಿ ನೋಡಿದರು. ಸಲೀಸಾಗಿ ಆಡಿತು. ತಾಗುವುದಿಲ್ಲ, ಗೀರು ಬೀಳುವುದಿಲ್ಲ.

ಸೊಸೆ ತಲೆಗೆ ಹಾಕಿಕೊಂಡಳು. ಮೇಡಮ್ಮು ತೋರಿಸಿದ್ದ ಗುಂಡಿ ಒತ್ತಿದಳು. ನಾವಿಬ್ಬರೂ ಅವಳ ಬಾಯಿ ನೋಡುತ್ತ ನಿಂತೆವು.

"ಎಲ್ಲ ಎರಡೆರಡು ಕಾಣ್ತೈತೆ. ಮಂಜುಮಂಜು. ಅತ್ತೆ, ತಲೆ ತಿರುಗ್ತೈತೆ, ಹಿಡ್ಕೊಳಿ." ಬೆಂಚು ಹಿಡಿದು ಕೂತಳು. ಪೆಟ್ಟಿಗೆ ಕಿತ್ತರೆ ಹಣೆ ತುಂಬ ಬೆವರು. ನೀರು ಕುಡಿಸಿದೆ.

ಸಾಬರ ಮುಖ ಸಣ್ಣಗಾಯಿತು. ಚುಕ್ಕೆ ನೋಡಿದರು, ನಡುವೆಯೇ ಇತ್ತು. ಬಳೆ ಅಲುಗಾಡಿಸಿದರು, ಬಿಗಿಯಾಗಿತ್ತು. "ಎಲ್ಲ ಸರಿ ಇದೆ. ಅದೇ ಗಾಜು. ಯಾಕೆ ಕಾಣ್ತಿಲ್ಲ?" ಅಂತ ತಮ್ಮನ್ನೇ ಕೇಳಿಕೊಂಡರು. ಮಸೀದಿಯಲ್ಲಿ ಸಂಜೆಯ ಆಜಾನ್ ಶುರುವಾಯಿತು. ಅವರು ಎದ್ದರು, ಮತ್ತೆ ಕೂತರು. ನಮ್ಮ ಬಸ್ಸಿಗೂ ಹೊತ್ತಾಗುತ್ತಿತ್ತು. ಸೊಸೆ ಖಾಲಿ ಫ್ರೇಮಿನ ತೂತಿನಲ್ಲಿ ಬೆರಳು ಆಡಿಸುತ್ತಿದ್ದಳು.

ನನಗೆ ಸಿಟ್ಟು ಬಂತು. "ಕೊಡಿ ಇಲ್ಲಿ, ಏನು ದೆವ್ವ ಐತೋ ನೋಡಾನ" ಅಂತ ಪೆಟ್ಟಿಗೆ ಕಿತ್ತುಕೊಂಡು ನನ್ನ ಕಣ್ಣಿಗೇ ಹಿಡಿದೆ. ಬೆಳಕು ಹೊಡೆಯಿತು, ಏನೂ ತಿಳಿಯಲಿಲ್ಲ. ಕೆಳಗಿಳಿಸುವಾಗ ಹೆಬ್ಬೆರಳು ಒಳಗಿನ ಗಾಜಿನ ಅಂಚಿಗೆ ತಾಗಿತು. ದಪ್ಪದ್ದು. ನನ್ನ ಎಡಗಣ್ಣಿನ ಕಡೆ.

"ಸಾಬ್ರೇ, ದಪ್ಪದ್ದು ಯಾವ ಕಣ್ಣಿಂದು?"

"ಬಲಗಣ್ಣಿಂದು."

"ಮತ್ತೆ ಎಡಗಣ್ಣಿಗೆ ಬಂದೈತಲ್ಲ."

"ಇಲ್ಲ ಅಮ್ಮಾ. ಗಿರಾಕಿ ಬಲಗಣ್ಣು ನನ್ನ ಎಡಗೈ ಕಡೆಗೆ. ಯಾವತ್ತೂ ಹಂಗೇ ಹಾಕೋದು. ಫ್ರೇಮು ನನ್ನ ಎದುರಿಗೆ ನೋಡ್ತಿರ್ತದೆ."

"ಇದು ನಿಮ್ಮನ್ನ ಎಲ್ಲಿ ನೋಡ್ತೈತೆ? ಹಿಂದ್ಗಡೆಯಿಂದ ತೂರ್ಸಿದ್ದೀರ. ಎದುರಿಗೆ ನಿಂತು ಕುಂಕುಮ ಇಡೋದು ಬ್ಯಾರೆ, ಹಿಂದೆ ಕೂತು ಜಡೆ ಹಾಕೋದು ಬ್ಯಾರೆ."

ಸಾಬರು ಪೆಟ್ಟಿಗೆಯನ್ನು ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಆಮೇಲೆ ತಾವೇ ಕಣ್ಣಿಗೆ ಹಿಡಿದು ನೋಡಿ ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಕೈ ಅದರ ಪಾಡಿಗೆ ಅದು ಹಾಕ್ಬಿಟ್ಟಿದೆ."

ಕನ್ನಡಕವಾಗಿದ್ದರೆ ಹೀಗಾಗುತ್ತಿರಲಿಲ್ಲ, ಎಡದ ಗಾಜು ಬಲಕ್ಕೆ ಕೂರುವುದೇ ಇಲ್ಲ. ಇಲ್ಲಿ ಎರಡೂ ಒಂದೇ ಅಳತೆಯ ಗುಂಡು. ಬಳೆಗಳು ಬಿಗಿಯಾಗಿ ಕೂತಿದ್ದವು. ಸ್ಕ್ರೂಡ್ರೈವರ್ ಕೈಗೆತ್ತಿಕೊಂಡವರು ಅದನ್ನು ಕೆಳಗಿಟ್ಟು, ಬರಿ ಉಗುರಿನಲ್ಲೇ ಒಂದೊಂದು ಕಡೆ ಎಬ್ಬಿಸುತ್ತ ಬಿಡಿಸಿದರು. ಟಕ್ ಅಂದಾಗಲೆಲ್ಲ ಒಡೆಯಿತೆಂದೇ ಅಂದುಕೊಂಡೆ. ಒಡೆಯಲಿಲ್ಲ. ಅದಲುಬದಲು ಮಾಡಿ ಒತ್ತಿದರು.

ಸೊಸೆ ಮತ್ತೆ ಹಾಕಿಕೊಂಡಳು. ತಲೆಯನ್ನು ಆ ಕಡೆ ಈ ಕಡೆ ತಿರುಗಿಸಿದಳು. ಆಮೇಲೆ ಬಲಗೈ ಮೇಲಕ್ಕೆ ಹೋಯಿತು, ಏನನ್ನೋ ಹಿಡಿಯುವ ಹಾಗೆ.

"ಕೊಕ್ಕೆ ಕಾಣ್ತೈತೆ ಅತ್ತೆ. ಅದ್ರ ಮ್ಯಾಲೆ ಬರ್ದಿರೋದೂ ಕಾಣ್ತೈತೆ."

"ಕಂಬ?"

"ಕಂಬನೂ ಐತೆ. ಕಾಫಿ ಕೊಡಲ್ಲ ಬುಡಿ."

ಸಾಬರು ಟೋಪಿ ಸರಿಮಾಡಿಕೊಂಡು ಮಸೀದಿಯ ಕಡೆ ಓಡಿದರು. ನಾವು ಬಸ್ಸಿನ ಕಡೆ ಓಡಿದೆವು, ಓಡಿದ್ದು ನಾನು, ಅವಳು ನನ್ನ ಸೆರಗು ಹಿಡಿದಿದ್ದಳು.

ಪರೀಕ್ಷೆಯ ದಿನ ಗುರುವಾರ. ಅವಳ ಕೈ ಹಿಡಿದು ಮಧುಗಿರಿಗೆ ಕರೆದುಕೊಂಡು ಹೋದೆ. ಮೇಡಮ್ಮು ಬಳೆಗಳನ್ನು ತೆಗೆದು ಪೆಟ್ಟಿಗೆಯ ಗಾಜನ್ನು ಕಿಟಕಿಯ ಬೆಳಕಿಗೆ ಹಿಡಿದರು. ಗೀರು ಇರಲಿಲ್ಲ. ಮತ್ತೆ ಒತ್ತುವಾಗ "ದಪ್ಪದ್ದು ಬಲಕ್ಕೆ ಕಣಮ್ಮ" ಅಂತ ಬಾಗಿಲಿನಿಂದಲೇ ಕೂಗಿದೆ. ಸೊಸೆ ಹೊರೆ ಎತ್ತಿದಳು. ನಮಗೆ ಬರಿ ಗಾಳಿ. ಗೋಡೆಯ ಟಿ.ವಿ.ಯಲ್ಲಿ ಮಾತ್ರ ಹೊರೆ ಜೋಲಿ ಹೊಡೆಯುತ್ತಿತ್ತು. ಅವಳು ಇಳಿಸಲಿಲ್ಲ. ಅದು ನಿಲ್ಲುವ ತನಕ ಕೈ ಅಲುಗಿಸದೆ ಕಾದಳು. ನಿಂತ ಮೇಲೆ ಇಳಿಸಿದಳು, ಗೆರೆಯ ಒಳಗೆ.

"ಸೋಮವಾರದಿಂದ ಬಾ" ಅಂದರು ಮೇಡಮ್ಮು. "ನಿಜವಾದ ಕ್ರೇನು. ಕನ್ನಡಕ ಹಾಕ್ಕೊಂಡೇ ಬರಬೇಕು." ಎರಡು ಗುಂಡು ಗಾಜು ಬಿಡಿಸಿ ಅವಳ ಕೈಗಿಟ್ಟರು.

ಮಾರನೆಯ ಬೆಳಿಗ್ಗೆ ಒಲೆಯನ್ನೂ ಹಚ್ಚಲಿಲ್ಲ. ಅವತ್ತಿನ ಓಟದಲ್ಲಿ ಸಾಬರಿಗೆ ಹೊಸ ಗಾಜು ತರಿಸಲು ಹೇಳೇ ಇರಲಿಲ್ಲ; ಬೆಂಗಳೂರಿಂದ ಬರಲು ಮೂರು ದಿನ, ಸೋಮವಾರಕ್ಕೂ ಮೂರೇ ದಿನ. ಖಾಲಿ ಫ್ರೇಮನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಶಿರಾದ ಮೊದಲ ಬಸ್ಸು ಹತ್ತಿದೆ. ಸಾಬರು ಇನ್ನೂ ಅಂಗಡಿ ತೆಗೆದಿರಲಿಲ್ಲ. ಬಾಗಿಲಿಗೆ ಅಡ್ಡಲಾಗಿ ಮೆಟ್ಟಿಲ ಮೇಲೆ ಕೂತೆ.