ದಿನಕ್ಕೆ ಸರಾಸರಿ ನಾಲ್ಕು ಜನ

ಅರವತ್ತರ ದಶಕದ ಆರಂಭದಲ್ಲಿ ನಾನು ನಜರ್‌ಬಾದಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಅಂಕಿಅಂಶಗಳ ಕಚೇರಿಯಲ್ಲಿ ಕೆಲಸ. ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಒಂದು ದಿನವೂ ತಪ್ಪುತ್ತಿರಲಿಲ್ಲ. ಮಾತಿಗೆ ಮಾತ್ರ ಯಾರೂ ಇರಲಿಲ್ಲ.

"ಜೊತೆಗೆ ಯಾರೂ ಇಲ್ದಿದ್ರೆ ಕೆಲ್ಸ ಬುಟ್ಟು ಬಂದ್ಬುಡು" ಎಂದು ಇಲವಾಲದಿಂದ ಅವ್ವ ಯಾರ ಕೈಯಲ್ಲೋ ಕಾಗದ ಬರೆಸಿದಳು. ಕೆಲಸ ಬಿಡಲು ನನಗೆ ಮನಸ್ಸಿರಲಿಲ್ಲ. ಕಚೇರಿಯ ಹೊರಗೆ ದಿನಕ್ಕೆ ಎಷ್ಟು ಜನರೊಡನೆ ಮಾತಾಡುತ್ತೇನೆಂದು ಒಂದು ವಾರ ಬರೆದಿಟ್ಟೆ. ನಾಲ್ಕು ದಿನ ಸೊನ್ನೆ, ಎರಡು ದಿನ ಒಂದೊಂದು. ಭಾನುವಾರ ಚಾಮುಂಡಿ ಬೆಟ್ಟದಲ್ಲಿ ಮಜ್ಜಿಗೆ ಹಂಚಲು ನಿಂತಿದ್ದರಿಂದ ಇಪ್ಪತ್ತಾರು. "ಇನ್ನೊಂದು ಲೋಟ ಬೇಕಾ?" ಎಂದದ್ದನ್ನೂ ಮಾತೆಂದೇ ಎಣಿಸಿದ್ದೆ. ಒಟ್ಟು ಇಪ್ಪತ್ತೆಂಟನ್ನು ಏಳರಿಂದ ಭಾಗಿಸಿದೆ. ಸರಾಸರಿ ನಾಲ್ಕು.

ಹಾಳೆ ಕಂಡ ಹಿರಿಯ ಗುಮಾಸ್ತರು ನಕ್ಕರು. "ಏನ್ರೀ, ಒಂದು ದಿನ ಬೆಟ್ಟ ಹತ್ತಿ ವಾರವೆಲ್ಲ ಇಳೀತಾ ಇದ್ದೀರಲ್ಲ! ಸರಾಸರಿ ಬುಡಿ. ಅಂಕಿಗಳನ್ನ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಸಿ, ನಡುವಿನದನ್ನ ನೋಡಿ."

ನಿಲ್ಲಿಸಿದೆ. ನಡುವೆ ನಿಂತದ್ದು ಸೊನ್ನೆ. ಹೆಚ್ಚು ಸಲ ಬಂದದ್ದೂ ಸೊನ್ನೆಯೇ.

ಆದರೂ ಅವ್ವನಿಗೆ ಸರಾಸರಿಯನ್ನೇ ಬರೆದೆ. ಲೆಕ್ಕ ಸುಳ್ಳಲ್ಲವೆಂದು ಸಮಾಧಾನ ಮಾಡಿಕೊಂಡೆ. ವಾರದೊಳಗೆ ಉತ್ತರ ಬಂತು: "ಆ ನಾಲ್ಕು ಜನಾನೂ ಹಬ್ಬಕ್ಕೆ ಕರ್ಕೊಂಡು ಬಾ ಕಣಪ್ಪ."

ಹಬ್ಬಕ್ಕೆ ಒಬ್ಬನೇ ಹೋದೆ. ಅವ್ವ ಐದು ಎಲೆ ಹಾಕಿದ್ದಳು.