ಹತ್ತಿ ಬಿಡಿಸುವ ಖಾಲಾ ಮತ್ತು ಅಮೆರಿಕದ ಯುದ್ಧ

ರಾಣೆಬೆನ್ನೂರಿನ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನಾನು ಸಮಾಜ ವಿಜ್ಞಾನ ಕಲಿಸುತ್ತೇನೆ. ಮೂರು ವರ್ಷದ ಹಿಂದೆ ಒಂಬತ್ತನೇ ತರಗತಿಗೆ ಅಮೆರಿಕದ ಅಂತರ್ಯುದ್ಧದ ವಿಷಯ ಹೇಳುತ್ತಿದ್ದೆ. ಉತ್ತರದಲ್ಲಿ ಕಾರ್ಖಾನೆಗಳು, ದಕ್ಷಿಣದಲ್ಲಿ ದೊಡ್ಡ ದೊಡ್ಡ ಹತ್ತಿ ಹೊಲಗಳು, ಅಲ್ಲಿ ದುಡಿಯಲು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು ಮೊಮ್ಮಕ್ಕಳು. ಅದಕ್ಕೇ ಜಗಳ ಬಿದ್ದು ಯುದ್ಧವಾಯಿತು ಎಂದು ಹತ್ತು ನಿಮಿಷದಲ್ಲಿ ಮುಗಿಸಿಬಿಟ್ಟೆ.

ಎರಡನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್ರೀ, ಉತ್ತರದವ್ರ ಹೊಲದಾಗ ಗುಲಾಮರು ಇರಲಿಲ್ಲಲ್ರಿ? ಮತ್ತ ಅವರ್ಯಾಕ ಸಾಯಾಕ ಹೋದ್ರು?"

ಸೋಮವಾರ ಹೇಳುತ್ತೇನೆ ಅಂದೆ. ನನಗೂ ಸರಿಯಾಗಿ ಗೊತ್ತಿರಲಿಲ್ಲ.

ಮರುದಿನ ಭಾನುವಾರ. ನಮ್ಮ ಹೊಲದಲ್ಲಿ ಹತ್ತಿ ಬಿಡಿಸುವ ಕೆಲಸ ನಡೆದಿತ್ತು. ಪಕ್ಕದ ಹೊಲದ ಖಾಲಾ, ಅಂದರೆ ಊರಿಗೆಲ್ಲ ಚಿಕ್ಕಮ್ಮ, ಎಂದಿನಂತೆ ನಮಗೆ ಕೈ ಜೋಡಿಸಲು ಬಂದಿದ್ದರು. ಅವರ ಹೊಲಕ್ಕೆ ನಾವೂ ಹೋಗುತ್ತೇವೆ. ಅರವತ್ತು ದಾಟಿದವರು. ಮನೆಯಲ್ಲಿ ಮಾತು ಉರ್ದು, ಹೊಲದಲ್ಲಿ ಕನ್ನಡ. ಒಂದೇ ಸಾಲಿನಲ್ಲಿ ಬಿಡಿಸುತ್ತಾ ಹುಡುಗಿ ಕೇಳಿದ್ದನ್ನು ಅವರಿಗೆ ಹೇಳಿದೆ. ಖಾಲಾ ಬಿಡಿಸಿದ ಹತ್ತಿಯನ್ನು ಉಡಿಗೆ ಹಾಕಿಕೊಂಡು ನನ್ನತ್ತ ತಿರುಗಿದರು.

"ಬೇಟಿ, ಉತ್ತರದವ್ರು ಹಿಂಗಂದ್ರು, ದಕ್ಷಿಣದವ್ರು ಹಂಗಂದ್ರು ಅಂತಿ. ಹತ್ತಿ ಬಿಡಸವ್ರು ಏನಂದ್ರು? ಅವರು ಸುಮ್ನ ಕುಂತಿದ್ರೇನು?"

ಇಷ್ಟು ವರ್ಷ ಪಾಠ ಮಾಡಿದವಳಿಗೆ ಆ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. ಮನೆಗೆ ಬಂದವಳೇ ಕೂತು ಓದಿದೆ. ಧಣಿಗಳು ಅವರ ಮಕ್ಕಳನ್ನೂ ಮಾರುತ್ತಿದ್ದರು, ಆದರೆ ಅವರು ಸುಮ್ಮನೆ ಕೂತಿರಲಿಲ್ಲ. ಕಾಡು, ಹೊಳೆ ದಾಟಿ ಉತ್ತರಕ್ಕೆ ಓಡಿಹೋಗುತ್ತಿದ್ದರು. ಅವರನ್ನು ಹಿಡಿದು ಒಪ್ಪಿಸಲೇಬೇಕು ಎಂದು ದಕ್ಷಿಣದವರು ಇಡೀ ದೇಶಕ್ಕೆ ಕಟ್ಟುನಿಟ್ಟಿನ ಕಾನೂನು ಮಾಡಿಸಿದರು. ನಿನ್ನೆ ಪಕ್ಕದ ಅಂಗಡಿಯಲ್ಲಿ ಕೆಲಸ ಮಾಡಿಕೊಂಡಿದ್ದವನನ್ನು ಇಂದು ಬೇಡಿ ಹಾಕಿ ಎಳೆದೊಯ್ಯುವುದನ್ನು ಉತ್ತರದ ಜನ ಕಣ್ಣಾರೆ ಕಂಡರು. ದೂರದ ಜಗಳ ಅವರ ಓಣಿಗೇ ಬಂದಿತ್ತು. ಪಶ್ಚಿಮದಲ್ಲಿ ಹೊಸದಾಗಿ ಸೇರುವ ರಾಜ್ಯಗಳಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಹಗ್ಗಜಗ್ಗಾಟ ಬೇರೆ. ಕೊನೆಗೆ, ಅದು ಹರಡಲು ಬಿಡುವುದಿಲ್ಲ ಎಂದವರು ಚುನಾವಣೆ ಗೆದ್ದರು. ದಕ್ಷಿಣದ ರಾಜ್ಯಗಳು ಒಂದೊಂದಾಗಿ ದೇಶ ಬಿಟ್ಟು ಹೊರನಡೆದವು, ದೇಶ ಒಡೆಯಲು ಬಿಡುವುದಿಲ್ಲ ಎಂದು ಉತ್ತರದವರು ನಿಂತರು, ಯುದ್ಧ ಶುರುವಾಯಿತು. ನಾಲ್ಕು ವರ್ಷದ ಆ ಯುದ್ಧದಲ್ಲಿ ಗುಲಾಮರು ಹೊಲ ಬಿಟ್ಟು ಉತ್ತರದ ಸೈನ್ಯದತ್ತ ನಡೆದರು, ಸಾವಿರಾರು ಜನ ತಾವೇ ಬಂದೂಕು ಹಿಡಿದರು. ಯುದ್ಧ ಮುಗಿದಾಗ ಗುಲಾಮಗಿರಿಯೂ ಮುಗಿಯಿತು.

ಸೋಮವಾರ ಮುಂಜಾನೆ ಶಾಲೆಗೆ ಹೊರಡುವ ಮುಂಚೆ ಖಾಲಾ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. ರೊಟ್ಟಿ ಬಡಿಯುತ್ತಿದ್ದವರು ಕೈ ನಿಲ್ಲಿಸಿದರು.

"ನಾನೂ ಓಡಿ ಬಂದಾಕಿನ" ಅಂದರು.

ಹತ್ತು ವರ್ಷದ ಪರಿಚಯ. ಈ ಮಾತು ಮೊದಲ ಸಲ ಕೇಳಿದೆ. ಚಿಕ್ಕವರಿದ್ದಾಗ, ಅಪ್ಪ ತೀರಿದ ಮೇಲೆ, ಕದರಮಂಡಲಗಿ ಕಡೆಯ ಒಂದು ದೊಡ್ಡ ಮನೆಯಲ್ಲಿ ಅವರನ್ನು ದನದ ಕೆಲಸಕ್ಕೆ ಬಿಟ್ಟಿದ್ದರಂತೆ. ಮಲಗುವುದು ಕೊಟ್ಟಿಗೆಯಲ್ಲಿ, ಹಬ್ಬಕ್ಕೂ ತಾಯಿಯ ಹತ್ತಿರ ಕಳಿಸುತ್ತಿರಲಿಲ್ಲ. "ಒಂದಿನ ಸಗಣಿ ಬುಟ್ಟಿ ಅಲ್ಲೇ ಇಟ್ಟು ನಡದಬಿಟ್ಟೆ. ಬ್ಯಾಡಗಿ ತನಕ ನಡದೇ ಹೋದೆ. ಮಾಮು ಇದ್ದ ಅಲ್ಲಿ. ಆ ಮನ್ಯಾವ್ರು ಕರಕೊಂಡು ಹೋಗಾಕ ಬಂದ್ರು, ಮಾಮು ಬಾಗಲದಾಗ ನಿಂತು ಕಳಸೂದಿಲ್ಲ ಅಂದ."

"ನಮ್ಮ ಮಕ್ಕಳಿಗೆ ಇದನ್ನ ಹೇಳ್ತೀರೇನು ಖಾಲಾ?"

"ಸಾಲಿ ಮೆಟ್ಟಲಾ ಹತ್ತಿಲ್ಲ ನಾನು. ನಕ್ಕಾರು."

ಯಾರೂ ನಗಲಿಲ್ಲ. ಇನ್ನೆರಡು ದಿನ ತಡಿ ಎಂದು ಹುಡುಗಿಗೆ ಹೇಳಿದೆ. ಆ ವಾರವೇ ಹಬ್ಬದ ಸೀರೆ ಉಟ್ಟು ಖಾಲಾ ನನ್ನ ಜೊತೆ ಬಂದರು. ಚೀಲದ ತುಂಬ ಒಡೆದ ಹತ್ತಿಕಾಯಿ ತಂದಿದ್ದರು. ಮೊದಲು ಮಕ್ಕಳಿಂದ ಹತ್ತಿ ಬಿಡಿಸಿದರು. ಕಾಯಿಯ ಒಣ ಚೂಪು ತುದಿ ಉಗುರುಸಂದಿಗೆ ಚುಚ್ಚಿ ನಾಲ್ಕಾರು ಮಂದಿ "ಅವ್ವಾ" ಅಂದರು. "ಇದನ್ನ ಹೊತ್ತು ಹುಟ್ಟಿದಾಗಿಂದ ಮುಳುಗೂ ತನಕ ಮಾಡ್ರಿ. ಆಮ್ಯಾಲ ಹೊಲದ ಧಣಿ ಬಂದು ನಿಮ್ಮ ತಮ್ಮನ್ನ ಮಾರಿಬಿಡ್ತಾನ" ಅಂದರು ಖಾಲಾ. ಆಮೇಲೆ ತಮ್ಮ ಕಥೆ ಹೇಳಿದರು. ಅವರ ಮಾತು ಮುಗಿದ ಮೇಲೆ ನಾನು ಯುದ್ಧದ ಪಾಠವನ್ನು ಮತ್ತೆ ಮೊದಲಿನಿಂದ ಮಾಡಿದೆ. ಈ ಸಲ ಓಡಿಹೋದವರಿಂದ ಶುರುಮಾಡಿದೆ.

ಎರಡನೇ ಬೆಂಚಿನ ಹುಡುಗಿ ಖಾಲಾರನ್ನೇ ನೋಡುತ್ತಿದ್ದಳು. "ಅಂದ್ರ ಉತ್ತರದವ್ರು ನಿಮ್ಮ ಮಾಮುನಂಗ ಬಾಗಲದಾಗ ನಿಂತ್ರೇನ್ರಿ?"

"ಎಲ್ಲಾರೂ ನಿಂತಿಲ್ಲವ್ವ" ಅಂದೆ ನಾನು. "ಕೆಲವರು ಹಿಡಿದೂ ಕೊಟ್ಟರು. ನಿಂತವರು ವರ್ಷ ವರ್ಷಕ್ಕೂ ಹೆಚ್ಚಾದರು."

ಹೆಡ್‌ಮಾಸ್ಟರು ತಮ್ಮ ಕೋಣೆಯಲ್ಲಿ ಖಾಲಾಗೆ ಕುರ್ಚಿ ಹಾಕಿಸಿ, ಚಹಾ ತರಿಸಿ, "ಮುಂದಿನ ವರ್ಷಾನೂ ಬರ್ರಿ" ಅಂದರು. ಸಂಜೆಯ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತ ಖಾಲಾ ದಾರಿಯುದ್ದಕ್ಕೂ ಮಾತಾಡಿದರು. ಯಾವ ಹುಡುಗ ಎಷ್ಟು ಚೆನ್ನಾಗಿ ಬಿಡಿಸಿದ, ಯಾರ ಕೈ ಹೊಲಕ್ಕೆ ಒಗ್ಗುವುದೇ ಇಲ್ಲ, ಎಲ್ಲ ವರದಿ. ಅಂದಿನಿಂದ ಪ್ರತಿ ವರ್ಷ ಆ ಪಾಠ ನಾವಿಬ್ಬರೂ ಸೇರಿ ಮಾಡುತ್ತೇವೆ.